ದೊಡ್ಡಪ್ಪನ ಕಂಪ್ಯೂಟರ್: ಲೋಗೊ ಬಂದ ಮೇಲೆ ಪರದೆ ಕಪ್ಪಾಗುವುದೇಕೆ

ದೊಡ್ಡಪ್ಪ, ನಮಸ್ಕಾರ. ನಿನ್ನೆ ರಾತ್ರಿ ನೀವು ಗುಂಪಿಗೆ ಹಾಕಿದ ಸಂದೇಶವನ್ನೂ ಜೊತೆಗಿದ್ದ ಎರಡು ಫೋಟೊಗಳನ್ನೂ ಬೆಳಿಗ್ಗೆ ನೋಡಿದೆ. ಟೈಪ್ ಮಾಡಿ ಕಳಿಸಿದರೆ ಅಕ್ಷರ ಇರುವೆಯಷ್ಟಿದೆ ಎನ್ನುತ್ತೀರಿ, ಬಾಯಿಗೆ ಬಂದಂತೆ ಮಾತಾಡಿ ಕಳಿಸಿದರೆ ಅರ್ಧ ವಾಕ್ಯ ನುಂಗಿದ್ದಾನೆ ಎಂದು ತಿದ್ದುತ್ತೀರಿ. ಆದ್ದರಿಂದ ಮೊದಲು ಹಾಳೆಯ ಮೇಲೆ ಬರೆದುಕೊಂಡು ಅದನ್ನೇ ಓದಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಕಂಪ್ಯೂಟರಿನ ಮುಂದೆ ಕುಳಿತು, ನಿಲ್ಲಿಸಿ ನಿಲ್ಲಿಸಿ ಕೇಳಿರಿ.

ಗುಂಪಿನ ಉಳಿದವರಿಗೂ ತಿಳಿಯಲೆಂದು ನೀವು ಹೇಳಿದ ಲಕ್ಷಣವನ್ನು ಒಮ್ಮೆ ಹೇಳಿಬಿಡುತ್ತೇನೆ. ಸಿಪಿಯುವಿನ ಗುಂಡಿ ಒತ್ತಿದ ಮೇಲೆ ಕಂಪನಿಯ ಲೋಗೊ ಸರಿಯಾಗಿಯೇ ಬರುತ್ತದೆ, ಅದರ ಬೆನ್ನಿಗೇ ವಿಂಡೋಸಿನ ನೀಲಿ ಕಿಟಕಿಯೂ ಕೆಳಗೆ ಸುತ್ತುವ ಚುಕ್ಕೆಗಳೂ ಬರುತ್ತವೆ, ಇನ್ನೇನು ಪಾಸ್‌ವರ್ಡ್ ಕೇಳಬೇಕು ಎನ್ನುವ ಹೊತ್ತಿಗೆ ಪರದೆ ಕಪ್ಪಾಗಿ, ಮಾನಿಟರಿನ ಮೂಲೆಯ ನೀಲಿ ದೀಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮನೆಗೆ ಬಂದು ನೋಡಿದ ಅಂಗಡಿಯ ಹುಡುಗ, ಪ್ಯಾನೆಲ್ ಹೋಗಿದೆ, ಹೊಸ ಮಾನಿಟರ್ ಹಾಕಿಸಿ, ಹೇಗೂ ನಿಧಾನವಾಗಿದೆ, ಒಂದು ಸಲ ಫಾರ್ಮ್ಯಾಟ್ ಮಾಡಿಸಿಬಿಡಿ ಎಂದಿದ್ದಾನೆ. ಭಾವ ಮದರ್‌ಬೋರ್ಡಿನ ಸೆಲ್ ಬದಲಿಸಲು ಹೇಳಿದ್ದಾರೆ, ಅಣ್ಣ ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಲು ಹೇಳಿದ್ದಾನೆ.

ಇವುಗಳಲ್ಲಿ ಯಾವುದನ್ನೂ ಈಗಲೇ ಮಾಡಬೇಡಿರಿ. ಮುಖ್ಯವಾಗಿ ಫಾರ್ಮ್ಯಾಟಿಗೆ ಒಪ್ಪಬೇಡಿರಿ. ನೀವು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿರುವ ನಮ್ಮ ಮನೆತನದ ವಂಶಾವಳಿ ಡೆಸ್ಕ್‌ಟಾಪಿನ ಮೇಲೆಯೇ ಇದೆ ಎಂಬುದು ನನಗೆ ನೆನಪಿದೆ. ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವ್; ಫಾರ್ಮ್ಯಾಟ್ ಮಾಡುವವರು ಮೊದಲು ಒರೆಸುವುದು ಅದನ್ನೇ.

ಪರದೆ ಕಪ್ಪಾಯಿತು ಎನ್ನುವುದಕ್ಕಿಂತ ಅದು ಯಾವ ಘಳಿಗೆಯಲ್ಲಿ ಕಪ್ಪಾಯಿತು ಎನ್ನುವುದೇ ಇಲ್ಲಿ ಮುಖ್ಯ. ನಿಮ್ಮ ಶಾಲೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ ಜವಾನ ಬಂದು ಬೀಗ ತೆಗೆದು, ಕಿಟಕಿ ತೆರೆದು, ದೀಪ ಹಾಕುತ್ತಾನೆ. ಆಮೇಲೆ ಹೆಡ್‌ಮಾಸ್ತರು ಬಂದು ಹಿಂದಿನ ದಿನದ ರಿಜಿಸ್ಟರ್ ತೆಗೆದು, ಯಾವ ತರಗತಿ ಯಾವ ಕೋಣೆಯಲ್ಲಿ ಎಂದು ನಿರ್ಧರಿಸುತ್ತಾರೆ. ಕಂಪ್ಯೂಟರಿನಲ್ಲಿ ಬಯಾಸ್ ಎಂಬುದು ಆ ಜವಾನ. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಎಲ್ಲವೂ ಇದ್ದಲ್ಲಿ ಇವೆಯೇ ಎಂದು ನೋಡಿ, ಸರಳವಾದ ಒಂದು ಚಿತ್ರವನ್ನು ಪರದೆಗೆ ಕಳಿಸಿ, ಕೆಲಸವನ್ನು ವಿಂಡೋಸಿಗೆ ಒಪ್ಪಿಸುತ್ತದೆ. ವಿಂಡೋಸ್ ಎದ್ದ ಮೇಲೆ ಪರದೆಗೆ ಚಿತ್ರ ಕಳಿಸುವ ತನ್ನದೇ ತಂತ್ರಾಂಶವನ್ನು, ಅಂದರೆ ಗ್ರಾಫಿಕ್ಸ್ ಡ್ರೈವರನ್ನು ಎಬ್ಬಿಸಿ, ಹಿಂದಿನ ಸಲ ಯಾವ ಪರದೆಗೆ, ಯಾವ ರೆಸಲ್ಯೂಷನ್ನಿನಲ್ಲಿ, ಅಂದರೆ ಎಷ್ಟು ಚುಕ್ಕೆಗಳಲ್ಲಿ, ಚಿತ್ರ ಕಳಿಸುತ್ತಿದ್ದೆ ಎಂದು ನೆನಪಿಸಿಕೊಂಡು ಹಾಗೆಯೇ ಮಾಡುತ್ತದೆ. ನಿಮ್ಮ ಪರದೆ ಕಪ್ಪಾಗುತ್ತಿರುವುದು ಸರಿಯಾಗಿ ಈ ಕೈಬದಲಾವಣೆಯ ಹೊತ್ತಿನಲ್ಲಿ. ಜವಾನ ಕಳಿಸಿದ ಚಿತ್ರವನ್ನು ತೋರಿಸಬಲ್ಲ ಮಾನಿಟರಿನ ಪ್ಯಾನೆಲ್, ಹೆಡ್‌ಮಾಸ್ತರು ಬಂದ ಕೂಡಲೇ ಪ್ರತಿ ಸಲವೂ ಅದೇ ಕ್ಷಣಕ್ಕೆ ಸಾಯುವುದಿಲ್ಲ.

ಕಿತ್ತಳೆ ದೀಪವೂ ಇದನ್ನೇ ಹೇಳುತ್ತಿದೆ. ತಂತಿಯಲ್ಲಿ ಚಿತ್ರ ಬರುವುದು ನಿಂತಾಗ ಮಾನಿಟರ್ ತಾನಾಗಿ ನಿದ್ದೆಗೆ ಜಾರಿ ದೀಪದ ಬಣ್ಣ ಬದಲಿಸುತ್ತದೆ. ದೀಪ ನೀಲಿಯಾಗಿಯೇ ಉಳಿದು ಪರದೆ ಮಾತ್ರ ಕಪ್ಪಾಗಿದ್ದರೆ ಪರದೆಗೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟಿನ ಮೇಲೆ ಅನುಮಾನ ಪಡಬೇಕಿತ್ತು. ಆಗ ಕೋಣೆ ಕತ್ತಲು ಮಾಡಿ ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರೆ ಅಕ್ಷರಗಳು ನೆರಳಿನಂತೆ ಮಸುಕಾಗಿ ಕಾಣುತ್ತವೆ. ಹಾಗೆಯೇ ಚಿತ್ರ ಬರುತ್ತಿದ್ದು ಅದು ಮಾನಿಟರಿನ ಶಕ್ತಿಗೆ ಮೀರಿದ್ದಾಗಿದ್ದರೆ, ಔಟ್ ಆಫ್ ರೇಂಜ್ ಎಂದೋ ಇನ್‌ಪುಟ್ ನಾಟ್ ಸಪೋರ್ಟೆಡ್ ಎಂದೋ ಒಂದು ಡಬ್ಬಿಯೊಳಗೆ ಬರೆದು ತೋರಿಸುತ್ತಿತ್ತು. ಇವೆರಡೂ ಇಲ್ಲದೆ ದೀಪ ಕಿತ್ತಳೆಯಾಗಿದೆ ಎಂದರೆ ವಿಂಡೋಸ್ ಚಿತ್ರವನ್ನು ಈ ಮಾನಿಟರಿಗೆ ಕಳಿಸುತ್ತಲೇ ಇಲ್ಲ. ಹಾಗಾದರೆ ಎಲ್ಲಿಗೆ ಕಳಿಸುತ್ತಿದೆ?

ಉತ್ತರ ನಿಮ್ಮ ಎರಡನೆಯ ಫೋಟೊದಲ್ಲಿದೆ ಎಂದು ನನಗೆ ಬಲವಾದ ಅನುಮಾನ. ಸಿಪಿಯುವಿನ ಹಿಂಭಾಗದಲ್ಲಿ ನೀಲಿ ತಲೆಯ ವಿಜಿಎ ತಂತಿ ಇದೆ, ಅದು ಮಾನಿಟರಿನದು. ಅದರ ಪಕ್ಕದಲ್ಲಿ ಕಪ್ಪು ಬಣ್ಣದ ಎಚ್‌ಡಿಎಂಐ ತಂತಿಯೊಂದು ಚುಚ್ಚಿಕೊಂಡು ಗೋಡೆಯ ಕಡೆಗೆ ಹೋಗಿದೆ. ದಸರಾ ರಜೆಗೆ ಬಂದಿದ್ದ ಅಕ್ಕನ ಮಗ ಕ್ರಿಕೆಟ್ ನೋಡಲು ಕಂಪ್ಯೂಟರನ್ನು ಹಾಲಿನ ಟಿವಿಗೆ ಜೋಡಿಸಿದ್ದನೆಂದು ದೊಡ್ಡಮ್ಮ ಕಳೆದ ವಾರ ಫೋನಿನಲ್ಲಿ ಹೇಳಿದ್ದರು. ದೊಡ್ಡ ಪರದೆಯಲ್ಲಿ ಮಾತ್ರ ಚಿತ್ರ ಬರಲಿ ಎಂದು ಅವನು ಸೆಕೆಂಡ್ ಸ್ಕ್ರೀನ್ ಓನ್ಲಿ ಎಂಬುದನ್ನು ಆರಿಸಿ, ಪಂದ್ಯ ಮುಗಿದ ಮೇಲೆ ಹಾಗೆಯೇ ಬಂದ್ ಮಾಡಿ ಊರಿಗೆ ಹೋಗಿರಬಹುದು. ಅವನು ಹೋದ ಮೇಲೆ ನೀವು ಕಂಪ್ಯೂಟರ್ ಹಾಕಿದ್ದು ನಿನ್ನೆಯೇ ಮೊದಲಲ್ಲವೇ?

ಟಿವಿ ಆಫ್ ಆಗಿದೆಯಲ್ಲ, ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲವೇ ಎಂದು ನೀವು ಕೇಳುವಿರಿ. ಎಷ್ಟೋ ಟಿವಿಗಳ ವಿಷಯದಲ್ಲಿ ಗೊತ್ತಾಗುವುದಿಲ್ಲ. ಪ್ರತಿಯೊಂದು ಪರದೆಯೊಳಗೂ ತನ್ನ ತಯಾರಕರು ಯಾರು, ಯಾವ ರೆಸಲ್ಯೂಷನ್ ತಾಳಬಲ್ಲೆ ಎಂಬ ಪರಿಚಯಪತ್ರದಂಥ ಒಂದು ಪುಟ್ಟ ದಾಖಲೆ ಇರುತ್ತದೆ. ಅದನ್ನು ಇಡಿಐಡಿ ಎನ್ನುತ್ತಾರೆ, ಅದರ ಮೂಲ ಭಾಗ ಬರಿಯ 128 ಬೈಟಿನಷ್ಟು. ಎಚ್‌ಡಿಎಂಐ ತಂತಿಯಲ್ಲಿ ಕಂಪ್ಯೂಟರಿನ ಕಡೆಯಿಂದಲೇ 5 ವೋಲ್ಟ್ ವಿದ್ಯುತ್ ಹೋಗುವುದರಿಂದ, ಟಿವಿ ಮಲಗಿದ್ದರೂ ಆ ಪರಿಚಯಪತ್ರವನ್ನು ಓದಬಹುದು. ವಿಂಡೋಸ್ ಅದನ್ನು ಓದಿ, ಟಿವಿ ಹಾಜರಿದೆ ಎಂದು ಗುರುತು ಹಾಕಿಕೊಂಡು, ಯಾರೂ ನೋಡದ ಆ ಪರದೆಯ ಕಡೆಗೇ ನಿಮ್ಮ ಡೆಸ್ಕ್‌ಟಾಪನ್ನು ಕಳಿಸುತ್ತಾ ಕುಳಿತಿರುತ್ತದೆ. ಹಾಜರಿ ಕೂಗಿದಾಗ ಪಕ್ಕದವನು ಎಸ್ ಸಾರ್ ಎಂದ ಹಾಗೆ.

ಪರೀಕ್ಷೆ ಸುಲಭ. ಕಂಪ್ಯೂಟರ್ ಹಾಕಿ, ಪರದೆ ಕಪ್ಪಾದ ಮೇಲೆ ಒಂದು ನಿಮಿಷ ಕಾಯಿರಿ. ಕೀಬೋರ್ಡಿನಲ್ಲಿ ನಮ್ ಲಾಕ್ ಎಂಬ ಕೀಲಿಯನ್ನು ಒತ್ತಿ, ಅದರ ದೀಪ ಹತ್ತಿ ಆರುತ್ತದೆಯೇ ನೋಡಿರಿ. ಹತ್ತಿ ಆರಿದರೆ ಒಳಗೆ ಎಲ್ಲವೂ ಎಚ್ಚರವಾಗಿಯೇ ಇದೆ. ಆಮೇಲೆ ಹಾಲಿನ ಟಿವಿ ಹಾಕಿ, ರಿಮೋಟಿನಲ್ಲಿ ಸೋರ್ಸ್ ಒತ್ತಿ ಎಚ್‌ಡಿಎಂಐಗೆ ಹೋಗಿರಿ. ಅಲ್ಲಿ ನಿಮ್ಮ ಪಾಸ್‌ವರ್ಡ್ ಕೇಳುವ ಪುಟ ಕಂಡರೆ ಮಾನಿಟರಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಕಂಪ್ಯೂಟರನ್ನು ಬಂದ್ ಮಾಡಿ, ಎಚ್‌ಡಿಎಂಐ ತಂತಿಯನ್ನು ಸಿಪಿಯುವಿನ ಕಡೆಯಿಂದ ಎಳೆದು ತೆಗೆದು, ಮತ್ತೆ ಹಾಕಿರಿ. ಬೇರೆ ಪರದೆ ಇಲ್ಲದಾಗ ವಿಂಡೋಸ್ ಇರುವ ಮಾನಿಟರಿಗೇ ಮರಳುತ್ತದೆ. ತಂತಿ ಟೇಬಲ್ಲಿನ ಹಿಂದೆ ಕೈಗೆ ಸಿಗದಿದ್ದರೆ, ಟಿವಿಯ ಮೇಲೆ ಕಣ್ಣಿಟ್ಟು, ವಿಂಡೋಸ್ ಕೀಲಿಯನ್ನು ಹಿಡಿದುಕೊಂಡು ಪಿ ಒತ್ತಿರಿ, ಬಲಗಡೆ ಬರುವ ಪಟ್ಟಿಯಲ್ಲಿ ಪಿಸಿ ಸ್ಕ್ರೀನ್ ಓನ್ಲಿ ಎಂಬಲ್ಲಿಗೆ ಬಾಣದ ಕೀಲಿಯಿಂದ ಹೋಗಿ ಎಂಟರ್ ಒತ್ತಿರಿ.

ಇದರಿಂದ ಆಗದಿದ್ದರೆ ಅನುಮಾನ ಡ್ರೈವರಿನ ಮೇಲೆ ಹೋಗುತ್ತದೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಒಟ್ಟಿಗೆ ಹಿಡಿದು ಬಿ ಅಕ್ಷರವನ್ನು ಒಮ್ಮೆ ಒತ್ತಿರಿ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ಸಾಮಾನ್ಯವಾಗಿ ಬೀಪ್ ಎಂಬ ಸಣ್ಣ ಸದ್ದು ಕೇಳುತ್ತದೆ. ಎರಡು ಕೈ ಸಾಲದಿದ್ದರೆ ದೊಡ್ಡಮ್ಮನನ್ನು ಕರೆಯಿರಿ.

ಅದಕ್ಕೂ ಬಗ್ಗದಿದ್ದರೆ ಸೇಫ್ ಮೋಡಿಗೆ ಹೋಗಬೇಕು. ಚುಕ್ಕೆಗಳು ಸುತ್ತುತ್ತಿರುವಾಗ ಸಿಪಿಯುವಿನ ಗುಂಡಿಯನ್ನು ಒತ್ತಿ ಹಿಡಿದು ಆರಿಸಿರಿ, ಮತ್ತೆ ಹಾಕಿರಿ, ಮತ್ತೆ ಚುಕ್ಕೆಯ ಹೊತ್ತಿಗೆ ಆರಿಸಿರಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತನಗೇನೋ ಆಗಿದೆ ಎಂದು ತಿಳಿದು ರಿಪೇರಿಯ ಪುಟವನ್ನು ತೆರೆಯುತ್ತದೆ. ಪರದೆಯ ಮೇಲೆ ಅಪ್‌ಡೇಟ್ ಎಂದು ಶೇಕಡಾ ಲೆಕ್ಕ ಓಡುತ್ತಿದ್ದರೆ ಮಾತ್ರ ಆ ಗುಂಡಿಯನ್ನು ಮುಟ್ಟಲೇಬೇಡಿರಿ, ಎಷ್ಟು ಹೊತ್ತಾದರೂ ಕಾಯಿರಿ. ರಿಪೇರಿಯ ಪುಟದಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಎಂದಿರುತ್ತದೆ. ಅದನ್ನು ಒತ್ತಿ, ಟ್ರಬಲ್‌ಶೂಟ್, ಮತ್ತೊಮ್ಮೆ ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಒಂದೊಂದಾಗಿ ಹೋದರೆ ಅಂಕಿ ಹಾಕಿದ ಪಟ್ಟಿ ಬರುತ್ತದೆ. ಅದರಲ್ಲಿ 4 ಒತ್ತಿದರೆ ಸೇಫ್ ಮೋಡ್. ನಡುವೆ ಎಲ್ಲಾದರೂ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ಕೀಲಿ ಕೇಳಿದರೆ ಅಲ್ಲಿಯೇ ನಿಲ್ಲಿಸಿ ನನಗೆ ಫೋನ್ ಮಾಡಿರಿ, ಊಹೆಯಿಂದ ಏನನ್ನೂ ತುಂಬಬೇಡಿರಿ.

ಸೇಫ್ ಮೋಡಿನಲ್ಲಿ ವಿಂಡೋಸ್ ಆ ವಿಶೇಷ ಡ್ರೈವರನ್ನು ಬಿಟ್ಟು ತನ್ನ ಸಾದಾ ಡ್ರೈವರಿನಿಂದ ಚಿತ್ರ ತೋರಿಸುತ್ತದೆ. ಅಕ್ಷರಗಳು ದಪ್ಪಗೆ, ಒಡ್ಡೊಡ್ಡಾಗಿ ಕಾಣುತ್ತವೆ. ಗಾಬರಿಯಾಗಬೇಡಿರಿ, ಅದು ಹಾಗೆಯೇ. ಅಲ್ಲಿ ಪರದೆ ನಿಂತಿತೆಂದರೆ ತಪ್ಪಿತಸ್ಥ ಡ್ರೈವರೇ ಎಂದು ಹೆಚ್ಚುಕಡಿಮೆ ತೀರ್ಮಾನಿಸಬಹುದು. ಮೊದಲ ಕೆಲಸವಾಗಿ ವಂಶಾವಳಿಯ ಕಡತಗಳನ್ನು ಪೆನ್ ಡ್ರೈವಿಗೆ ಹಾಕಿಕೊಳ್ಳಿರಿ. ನಿಮ್ಮವು, ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯುನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ ಇಲ್ಲದ, ಹಳೆಯ ನುಡಿ ಫಾಂಟಿನ ಕಡತಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿಲ್ಲಾಪಿಲ್ಲಿ ಕಾಣುತ್ತದೆ. ಆದ್ದರಿಂದ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್ ಎಂಬಲ್ಲಿಂದ ನುಡಿಯ ಫಾಂಟುಗಳನ್ನೂ ಜೊತೆಗೆ ತೆಗೆದುಕೊಳ್ಳಿರಿ. ಇದಾದ ಮೇಲೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬಲ್ಲಿರುವ ಹೆಸರಿನ ಪ್ರಾಪರ್ಟೀಸ್ ನೋಡಿರಿ. ಡ್ರೈವರ್ ಎಂಬ ಪುಟದಲ್ಲಿ ರೋಲ್ ಬ್ಯಾಕ್ ಡ್ರೈವರ್ ಎಂಬ ಗುಂಡಿ ಒತ್ತಲು ಬರುವಂತಿದ್ದರೆ ಒತ್ತಿರಿ, ಹಿಂದಿದ್ದ ಡ್ರೈವರ್ ವಾಪಸು ಬರುತ್ತದೆ. ಅದು ಮಂಕಾಗಿದ್ದರೆ ಉಳಿದದ್ದನ್ನು ನಾನೇ ಫೋನಿನಲ್ಲಿ ಹೇಳಿ ಮಾಡಿಸುತ್ತೇನೆ.

ಇನ್ನು ಭಾವನಿಗೂ ಅಣ್ಣನಿಗೂ ಒಂದು ಮಾತು. ನೀವು ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ರೋಗದ ಮದ್ದು. ಗುಂಡಿ ಒತ್ತಿದಾಗ ಫ್ಯಾನ್ ತಿರುಗಿ ಲೋಗೊವೇ ಬರದಿದ್ದರೆ ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಉಜ್ಜುವುದು ಸರಿಯಾದ ಮೊದಲ ಹೆಜ್ಜೆ. ಸಿಆರ್ 2032 ಎಂಬ ಆ 3 ವೋಲ್ಟಿನ ಸೆಲ್ ಸತ್ತರೆ ಸಾಮಾನ್ಯವಾಗಿ ಗಡಿಯಾರ ಹಿಂದಕ್ಕೆ ಹೋಗುತ್ತದೆ, ತಾರೀಖು ತಪ್ಪುತ್ತದೆ. ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಲೋಗೊ ಬಂದು ವಿಂಡೋಸ್ ಏಳುತ್ತಿರುವಾಗ ಅವುಗಳಿಗೆ ಕೈ ಹಾಕಿದರೆ ಇಲ್ಲದ ತೊಂದರೆಯೊಂದನ್ನು ಸೇರಿಸಿದಂತಾಗುತ್ತದೆ.

ವಿಜಿಎ ತಂತಿಯನ್ನು ಒಮ್ಮೆ ಬಿಚ್ಚಿ, ಎರಡೂ ಕಡೆಯ ತಿರುಪು ಬಿಗಿ ಮಾಡಿ ಕೂರಿಸುವುದರಲ್ಲಿ ತಪ್ಪಿಲ್ಲ. ಬಿಚ್ಚಿದಾಗ ಒಳಗಿನ ಮೂರು ಸಾಲಿನ 15 ಪಿನ್ನುಗಳಲ್ಲಿ ನಡುವಿನ ಸಾಲಿನದೊಂದು ಇಲ್ಲದಂತೆ ಕಂಡರೆ ಮುರಿದಿದೆ ಎಂದುಕೊಳ್ಳಬೇಡಿರಿ; ಅದು ಒಂಬತ್ತನೆಯ ಪಿನ್, ಬಹಳಷ್ಟು ತಂತಿಗಳಲ್ಲಿ ಅದನ್ನು ಹಾಕಿರುವುದೇ ಇಲ್ಲ. ಈ ಪಿನ್ ತೋರಿಸಿಯೇ ಹೊಸ ತಂತಿ ಮಾರುವವರಿದ್ದಾರೆ. ಬಾಗಿದ ಪಿನ್ ಕಂಡರೆ ಮಾತ್ರ ಹೇಳಿರಿ. ಮಾನಿಟರಿನ ಹಿಂದಿನ ಮುಚ್ಚಳವನ್ನಾಗಲಿ ಸಿಪಿಯುವಿನೊಳಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನಾಗಲಿ ಯಾರೂ ಬಿಚ್ಚಬಾರದು, ಪ್ಲಗ್ ತೆಗೆದ ಮೇಲೂ ಅವುಗಳ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಕಾರಣ, ನಾನೇ ಒಮ್ಮೆ ಮೋಸಹೋಗಿದ್ದೇನೆ. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾಗ ನನ್ನ ಪರದೆಯೂ ಹೀಗೆಯೇ ಲೋಗೊ ತೋರಿಸಿ ಕಪ್ಪಾಯಿತು. ಅಂಗಡಿಯವರ ಮಾತು ನಂಬಿ ಸಂಬಳದ ದಿನವೇ ಹೊಸ ಮಾನಿಟರ್ ತಂದು ಜೋಡಿಸಿದೆ. ಅದೂ ಲೋಗೊ ತೋರಿಸಿ ಕಪ್ಪಾಯಿತು. ಕೆಟ್ಟಿದ್ದದ್ದು ಡ್ರೈವರ್. ಹಳೆಯ ಮಾನಿಟರ್ ಈಗಲೂ ನಮ್ಮ ಮನೆಯಲ್ಲಿ ಕೆಲಸ ಮಾಡುತ್ತಿದೆ, ಮಗಳು ಅದರಲ್ಲಿ ಚಿತ್ರ ಬರೆಯುತ್ತಾಳೆ.

ಮೊದಲು ಟಿವಿಯ ಪರೀಕ್ಷೆ ಮಾಡಿ, ಟಿವಿಯಲ್ಲಿ ಏನು ಕಂಡಿತು, ನಮ್ ಲಾಕ್ ದೀಪ ಹತ್ತಿತೇ, ಮಾನಿಟರಿನ ದೀಪ ಯಾವ ಬಣ್ಣದಲ್ಲಿತ್ತು ಎಂಬ ಮೂರನ್ನು ಮಾತ್ರ ಗುಂಪಿನಲ್ಲಿ ಹೇಳಿರಿ. ರಾತ್ರಿ ಎಂಟರ ಮೇಲೆ ನಾನು ಬಿಡುವಾಗಿರುತ್ತೇನೆ. ಅಂಗಡಿಯ ಹುಡುಗ ಅಷ್ಟರೊಳಗೆ ಮತ್ತೆ ಬಂದರೆ ಕಾಫಿ ಕೊಟ್ಟು ಕಳಿಸಿರಿ, ಸಿಪಿಯು ಕೊಟ್ಟು ಕಳಿಸಬೇಡಿರಿ.