ಅಪ್‌ಡೇಟ್: ಹಾಸನದಲ್ಲಿ ಬಾಡಿಗೆಗೆ ಕೊಡಲು ಮನೆ, ದೂರದಿಂದಲೇ ಬೀದಿ ನೋಡಿದ ಬಗೆ

ಪುಣೆಯಲ್ಲಿದ್ದುಕೊಂಡು ಹಾಸನದಲ್ಲಿ ಬಾಡಿಗೆಗೆ ಕೊಡಲು ಮನೆ ಕೊಳ್ಳುವವನು ಬಡಾವಣೆ ಹೇಗಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಿದ್ದೆ. ಸಾಲಗಾಮೆ ರಸ್ತೆಯ ಕಡೆಗಿರುವ ಮನೆಯನ್ನೇ ಆರಿಸಿಕೊಂಡಿದ್ದೇನೆ. ಉತ್ತರಿಸಿದ ಎಲ್ಲರಿಗೂ ಋಣಿ.

"ದಲ್ಲಾಳಿಯನ್ನಲ್ಲ, ಅಲ್ಲೇ ವಾಸವಿರುವವರನ್ನು ಕೇಳಿ" ಎಂಬ ಸಲಹೆ ಎಲ್ಲಕ್ಕಿಂತ ಕೆಲಸಕ್ಕೆ ಬಂತು. ಚಿಕ್ಕಪ್ಪನ ಮಗ ಸಂಜೆ ಹೊತ್ತು ಆ ಬೀದಿಯಲ್ಲಿ ನಡೆಯುತ್ತಾ ವಿಡಿಯೊ ಕರೆ ಮಾಡಿದ. ಎದುರು ಮನೆಯ ಅಜ್ಜಿ ಅವನನ್ನು ಒಳಗೆ ಕರೆದು ಸಂಪಿನ ಮುಚ್ಚಳ ಎತ್ತಿಸಿ ತೋರಿಸಿದರು. ನೀರು ಬಿಡುವ ಸರದಿ ಇನ್ನೂ ಬಂದಿರಲಿಲ್ಲ, ಆದರೂ ಅರ್ಧ ತುಂಬಿತ್ತು. "ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೀರಾ ಅಜ್ಜಿ?" ಎಂದರೆ, "ಇಲ್ಲಪ್ಪ, ಆದರೆ ಜೋರು ಮಳೆಗೆ ಆ ತಿರುವಿನ ಚರಂಡಿ ಉಕ್ಕುತ್ತದೆ" ಎಂದರು. ಯಾವ ಜಾಹೀರಾತಿನಲ್ಲಿ ಇಷ್ಟು ಸತ್ಯ ಸಿಗುತ್ತದೆ? ನಾನು ಕಣ್ಣಿಟ್ಟಿದ್ದ ಇನ್ನೊಂದು ಅಗ್ಗದ ಮನೆ ಆ ತಿರುವಿನಲ್ಲೇ ಇತ್ತು, ಅಂದೇ ಕೈಬಿಟ್ಟೆ.

ಮಲೆನಾಡು ಎಂಜಿನಿಯರಿಂಗ್ ಕಾಲೇಜು ಅದೇ ರಸ್ತೆಯಲ್ಲಿದೆ, ಬಾಡಿಗೆಗೆ ಜನ ಸಿಗುತ್ತಾರೆ. ಆದರೂ ಸಂಸಾರಸ್ಥರಿಗೇ ಕೊಡುವ ಮನಸ್ಸು.

ರಾಜ್ಯ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಋಣಭಾರ ಪ್ರಮಾಣಪತ್ರ ತೆಗೆಸಿದೆ. ಅದರಲ್ಲಿ ನೋಂದಣಿಯಾದ ಕ್ರಯ, ಅಡಮಾನಗಳಷ್ಟೇ ಕಾಣುತ್ತವೆ. ನೋಂದಣಿಯಾಗದ ಕರಾರು ಕಾಣುವುದಿಲ್ಲ. ಹಾಗಾಗಿ ವಕೀಲರು ಮೂಲ ಪತ್ರಗಳನ್ನು ನೋಡುತ್ತಿದ್ದಾರೆ. ಅವರು ಸರಿ ಎಂದ ಮೇಲೆಯೇ ಮುಂಗಡ.