ಮರು: ಬಾಲ್ಕೋನೆ, ಪಾಲ್ಕೊ – ಕನ್ನಡದಲ್ಲಿ ಏನು? (ತುರ್ತು)

ಇಟಾಲಿಯನ್ ಪದಗಳಾದ ಬಾಲ್ಕೋನೆ, ಪಾಲ್ಕೊಗಳನ್ನು ಅನುವಾದದಲ್ಲಿ ಕನ್ನಡಕ್ಕೆ ಹೇಗೆ ತರುವುದು ಎಂದು ಕೇಳಿದ್ದೀರಿ; ಸಂಜೆಯೊಳಗೆ ಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ. ಬಾಲ್ಕೋನೆಗೆ ‘ಬಾಲ್ಕನಿ’ ಎಂದೇ ಬರೆಯಿರಿ. ಮಿಲಾನಿನ ಲಾ ಸ್ಕಾಲಾ ರಂಗಮಂದಿರದ ಪಾಲ್ಕೊಗೆ ಮಾತ್ರ ಅದು ಬೇಡ. ನಮ್ಮ ಟಾಕೀಸಿನ ಬಾಲ್ಕನಿ ಅಂದರೆ ಮೇಲಿನ ಸೀಟುಗಳ ಸಾಲು; ಅಲ್ಲಿರುವುದು ಒಂದರ ಮೇಲೊಂದು ನಾಲ್ಕು ಸುತ್ತು, ಕೆಲವರಷ್ಟೇ ಕೂರುವ ಗೂಡುಗಳು. ‘ಅಟ್ಟಣಿಗೆ’ ಹಾಕಿ.

ಈಗ ಬಾಲಾಖಾನಾ ವಿಷಯ. ಸರ್, ಪಾರಸಿಯ ‘ಬಾಲಾಖಾನಾ’ವೇ (ಮೇಲ್ಮಹಡಿಯ ಕೋಣೆ) ಬಾಲ್ಕನಿಯಾಯಿತು ಎಂದು ನೀವು ಬರೆಯುತ್ತಿರುವುದು ಇದು ಮೂರನೇ ಸಲ. ದವಾಖಾನೆ, ಕಾರ್ಖಾನೆ ಕೇಳಿ ಬೆಳೆದ ಕಿವಿಗೆ ಅದು ಹಿತವಾಗಿದೆ, ಅಷ್ಟೇ. ಪಾಲ್ಕೊ ಎಲ್ಲಿಂದ ಬಂತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಬಾಲ್ಕೋನೆ, ಪಾಲ್ಕೊ ಎರಡೂ ಜರ್ಮಾನಿಕ್ (ಜರ್ಮನ್, ಇಂಗ್ಲಿಷ್ ಸೇರಿದ ಭಾಷಾ ಬಳಗ) ಮೂಲದವು, ಮೂಲಾರ್ಥ ತೊಲೆ. ಜರ್ಮನ್ನಿನಲ್ಲಿ ಇಂದಿಗೂ ತೊಲೆಗೆ ‘ಬಾಲ್ಕೆನ್’. 568ರಲ್ಲಿ ಇಟಲಿಗೆ ಇಳಿದು, 774ರಲ್ಲಿ ರಾಜ್ಯ ಕಳೆದುಕೊಂಡ ಲಾಂಗೊಬಾರ್ಡರೆಂಬ ಜರ್ಮಾನಿಕ್ ಜನರ (ಮಿಲಾನ್ ಇರುವ ಲೊಂಬಾರ್ದಿಯಾ ಪ್ರಾಂತ್ಯಕ್ಕೆ ಅವರದೇ ಹೆಸರು) ಮಾತಿನಲ್ಲಿ ಪದದ ಮೊದಲಿನ ಬಕಾರ ಪಕಾರವಾಗಿತ್ತು. ಅದಕ್ಕೇ ಇಟಾಲಿಯನ್ನಿನಲ್ಲಿ ಈ ಜೋಡಿಗಳು: ಬಾಲ್ಕೋನೆ–ಪಾಲ್ಕೊ, ಬಾಂಕಾ–ಪಾಂಕಾ. ಪಾಂಕಾ ಕೂರುವ ಬೆಂಚು. ಬಾಂಕಾ ಹಣ ಬದಲಿಸುವವನ ಮುಂದಿನ ಮೇಜು, ಆಮೇಲೆ ಬ್ಯಾಂಕು. ಹಳಗನ್ನಡದ ಪಾಲ್ ಹಾಲಾದದ್ದನ್ನು ಒಪ್ಪುವವರು ಇದನ್ನೇಕೆ ಒಪ್ಪಬಾರದು?

ತೊಲೆ ಹೇಗೆ ಬಾಲ್ಕನಿಯಾದೀತು ಅಂತಲೂ ಕೇಳಿದ್ದೀರಿ. ನಮ್ಮ ಊರಮನೆಯಲ್ಲಿ ಅಟ್ಟದ ಎರಡು ತೊಲೆ ಗೋಡೆ ದಾಟಿ ಎರಡು ಮೊಳ ಹೊರಚಾಚಿವೆ. ಅವುಗಳ ಮೇಲೆ ಹಲಗೆ ಹಾಸಿ ಅಜ್ಜಿ ಹಪ್ಪಳ ಒಣಗಿಸುತ್ತಿದ್ದರು. ಅದಕ್ಕೊಂದು ಕಟಾಂಜನ ಕೂರಿಸಿದರೆ ಬಾಲ್ಕನಿಯೇ.

‘ಎರವಲು ಸಾಕು, ಉಪ್ಪರಿಗೆ ಅನ್ನಿ’ ಎಂದವರಿಗೆ: ಉಪ್ಪರಿಗೆ ಇಡೀ ಮಹಡಿ, ಗೋಡೆಯಾಚೆಗಿನ ಚಾಚು ಅಲ್ಲ. ತಪ್ಪು ಅರ್ಥದ ಅಚ್ಚಗನ್ನಡ ಓದುಗನಿಗೆ ಯಾವ ಉಪಕಾರವನ್ನೂ ಮಾಡದು. ಮುಸೊಲಿನಿಯ ಇಟಲಿಯಲ್ಲೂ 1940ರಲ್ಲಿ ಅಂಗಡಿ ಫಲಕಗಳಲ್ಲಿ ಪರಭಾಷೆಯ ಪದ ಕೂಡದೆಂದು ಕಾನೂನು ತಂದರು. ಯುದ್ಧಕ್ಕೆ ಅವರು ಅನ್ನುವ ‘ಗ್ವೆರ್ರಾ’, ಬಿಳಿಗೆ ಅನ್ನುವ ‘ಬಿಯಾಂಕೊ’ ಎರಡೂ ಜರ್ಮಾನಿಕ್ ಪದಗಳೇ. ಅವು ಹಾಗೇ ಉಳಿದವು, ಏಕೆಂದರೆ ಸಾವಿರ ವರ್ಷ ಆಡಿ ಆಡಿ ಮನೆಮಾತಾಗಿದ್ದವು. ಬಾಲ್ಕನಿಯಲ್ಲಿ ಬಟ್ಟೆ ಹಾಕಿದೆ ಅನ್ನುವಾಗ ನಮ್ಮಲ್ಲೂ ಯಾರೂ ಇಂಗ್ಲಿಷ್ ಮಾತಾಡುತ್ತಿಲ್ಲ.

ಅನುವಾದಕರಿಗೆ ಇನ್ನೊಂದು ಮಾತು: ಮೂಲದಲ್ಲಿ ‘ಪಾಲ್ಕಿ’ ಎಂದು ಬಂದರೆ ಅದು ಪಾಲ್ಕೊದ ಬಹುವಚನ. ನಮ್ಮ ಪಲ್ಲಕ್ಕಿಗೂ ಅದಕ್ಕೂ ಸಂಬಂಧವಿಲ್ಲ.