ಕಾಲು ಕಪ್ ಅಂದರೆ ಯಾರ ಕಾಲು?

ಪ್ರಶ್ನೆ: ಮೇಡಂ, ಮಗಳಿಗೆ ಐದು ವರ್ಷ. ಪುಸ್ತಕ ತೆಗೆದರೆ ಓಡಿಹೋಗ್ತಾಳೆ, ನಾನು ಅಡುಗೆಮನೆಗೆ ಹೋದರೆ ಮಾತ್ರ ಹಿಂದೆಯೇ ಬರ್ತಿದ್ದಳು. ಸರಿ, ಅಡುಗೆ ಮಾಡ್ತಾನೇ ಕಲಿಸೋಣ ಅಂತ "ಇದು ಎಷ್ಟು? ಇದು ಯಾವ ಅಕ್ಷರ?" ಅಂತ ಕೇಳ್ತಾ ಹೋದೆ. ಒಂದು ವಾರಕ್ಕೆ ಅಲ್ಲಿಗೂ ಬರೋದು ಬಿಟ್ಟಳು. ಎಲ್ಲಿ ತಪ್ಪಿದೆ?

ಉತ್ತರ (ನರ್ಸರಿ ಶಿಕ್ಷಕಿ): ನೀವು ಕೇಳಿದ್ದಕ್ಕೆಲ್ಲ ಉತ್ತರ ನಿಮಗೆ ಮೊದಲೇ ಗೊತ್ತಿತ್ತು. ಅದು ಅವಳಿಗೂ ಗೊತ್ತು! ಓದದೆ, ಎಣಿಸದೆ ಕೆಲಸ ಮುಂದಕ್ಕೇ ಹೋಗದ ಹಾಗೆ ಮಾಡಿ. ನಿಂಬೆ ಶರಬತ್ತಿನಿಂದ ಶುರು ಮಾಡಿ, ಒಲೆಯ ಗೊಡವೆ ಇಲ್ಲ. ಚೀಟಿಯಲ್ಲಿ ನಾಲ್ಕೇ ಸಾಲು: ನಿಂಬೆಹಣ್ಣು 2, ನೀರು 4 ಲೋಟ, ಸಕ್ಕರೆ 8 ಚಮಚ, ಉಪ್ಪು 1 ಚಿಟಿಕೆ. ಪಕ್ಕದಲ್ಲಿ ಒಂದೊಂದು ಚಿತ್ರ. ಚೀಟಿ ಅವಳ ಕೈಯಲ್ಲಿರಲಿ, ಮುಂದೇನು ಅಂತ ಅವಳೇ ನಿಮಗೆ ಹೇಳಲಿ. ಎರಡು ಮೂರು ವಾರ ಅದೇ ಚೀಟಿ. ದಿನಕ್ಕೊಂದು ಹೊಸ ರುಚಿ ಬೇಕಾಗಿರೋದು ದೊಡ್ಡವರಿಗೆ. ಆಮೇಲೆ ಚಿತ್ರವನ್ನು ಬೆರಳಿನಿಂದ ಮುಚ್ಚಿ ನೋಡಿ.

ಇನ್ನೊಂದು ವಿಷಯ. ನಮ್ಮ ಅಡುಗೆಮನೆ ತುಂಬ ಒತ್ತಕ್ಷರಗಳೇ: ಉಪ್ಪು, ಹಿಟ್ಟು, ಎಣ್ಣೆ, ಬೆಣ್ಣೆ, ಸಕ್ಕರೆ, ಹಣ್ಣು. ಡಬ್ಬಿಗಳಿಗೆ ಚೀಟಿ ಅಂಟಿಸೋದಾದರೆ ಹಾಲು, ನೀರು ಥರದ ಒತ್ತಿಲ್ಲದ ಪದಗಳನ್ನು ಮೊದಲು ಬರೆಯಿಸಿ. ಒತ್ತು ಸದ್ಯಕ್ಕೆ ಕಿವಿಗೆ ಸಾಕು. "ಉಪು ಕೊಡಮ್ಮ" ಅಂತ ಬೇಕಂತಲೇ ತಪ್ಪು ಹೇಳಿ, ನಕ್ಕು ತಿದ್ದುತ್ತಾಳೆ. ಒತ್ತು ಕಿವಿಗೆ ಕೇಳಿಸಿದ ಮಗುವಿಗೆ ಅದನ್ನು ಬರೆಯೋದು ಅಷ್ಟು ಕಷ್ಟವಾಗಲ್ಲ.

ಪ್ರಶ್ನೆ: ನನ್ನ ಮಗ ಇಪ್ಪತ್ತರವರೆಗೆ ಗಡಗಡ ಹೇಳ್ತಾನೆ. ಎಂಟು ಚಮಚ ಹಾಕು ಅಂದರೆ ಹಾಕ್ತಾನೇ ಇರ್ತಾನೆ.

ಉತ್ತರ: ಸಾರ್, ಹೇಳೋದು ಬೇರೆ, ಎಣಿಸೋದು ಬೇರೆ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅನ್ನೋ ಮನೋವಿಜ್ಞಾನಿಗಳು 1978ರಲ್ಲೇ ಇದನ್ನು ಬಿಡಿಸಿಟ್ಟರು: ಒಂದು ವಸ್ತುವಿಗೆ ಒಂದೇ ಸಂಖ್ಯೆ, ಸಂಖ್ಯೆಗಳ ಕ್ರಮ ಬದಲಾಗಬಾರದು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು. ಈ ಕೊನೆಯದು ಮಕ್ಕಳಿಗೆ ತಡವಾಗಿ ಹೊಳೆಯುತ್ತದೆ. ಅದರ ಮೇಲೆ ಸಕ್ಕರೆ ಕರಗಿಹೋಗುತ್ತದೆ, ತಪ್ಪಿದರೆ ಮತ್ತೆ ಎಣಿಸೋಕೆ ಏನೂ ಉಳಿಯಲ್ಲ. ಎಂಟು ಕಾಳು ಸಾಲಾಗಿ ಇಡಿ, ಒಂದು ಚಮಚ ಹಾಕಿದರೆ ಒಂದು ಕಾಳು ಆಚೆಗೆ. ಊಟಕ್ಕೆ ತಟ್ಟೆ ಇಡೋ ಕೆಲಸವೂ ಅವನದೇ ಆಗಲಿ. ಒಬ್ಬರಿಗೆ ತಟ್ಟೆ ಇಲ್ಲ ಅಂದರೆ ಲೆಕ್ಕ ತಪ್ಪಿದ್ದು ಅವನಿಗೇ ಕಾಣುತ್ತೆ.

ಪ್ರಶ್ನೆ: ಕಾಲು ಕಪ್ ಅಂದರೆ ನಮ್ಮವಳು "ಯಾರ ಕಾಲು?" ಅಂತಾಳೆ. ಭಿನ್ನರಾಶಿ ಈಗಲೇ ಬೇಕಾ ಮೇಡಂ?

ಉತ್ತರ: ಬರೆಯೋದು ಬೇಡ, ಸುರಿಯೋದು ಬೇಕು. ಕಾಲು ಕಪ್ಪಿನಿಂದ ನೀರು ಸುರಿದು ದೊಡ್ಡ ಕಪ್ ತುಂಬಿಸಲಿ, ನಾಲ್ಕು ಸಲ ಅಂತ ತಾನೇ ಕಂಡುಕೊಳ್ತಾಳೆ. 1/4 ಅಂತ ಬರೆದು ತೋರಿಸಿದರೆ ನಾಲ್ಕು ಎರಡಕ್ಕಿಂತ ದೊಡ್ಡದಲ್ವಾ, ಹಾಗಾದರೆ ಕಾಲು ಅರ್ಧಕ್ಕಿಂತ ಜಾಸ್ತಿ ಅನ್ನೋ ಮಕ್ಕಳೇ ಹೆಚ್ಚು. "ಕಾಲು" ಅನ್ನೋ ಪದದಲ್ಲಿ ಆ ಗೊಂದಲ ಇಲ್ಲ, ಮುಕ್ಕಾಲು ಅಂದರೆ ಮೂರು ಕಾಲು ಅನ್ನೋದು ಪದದಲ್ಲೇ ಇದೆ. ಅದೇ ನೀರನ್ನು ಉದ್ದ ಲೋಟಕ್ಕೆ ಸುರಿದಾಗ ಜಾಸ್ತಿಯಾಯ್ತು ಅಂದರೆ ವಾದಕ್ಕಿಳಿಯಬೇಡಿ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆ ತೋರಿಸಿದ ಹಾಗೆ ಈ ವಯಸ್ಸಿಗೆ ಅದು ಸಹಜ. ವಾಪಸ್ ಸುರಿದು ತೋರಿಸಿ, ಸುಮ್ಮನಿರಿ.

ಅಂದಹಾಗೆ, ಹಸಿ ಹಿಟ್ಟು ಬಾಯಿಗೆ ಹಾಕಿಕೊಳ್ಳೋಕೆ ಬಿಡಬೇಡಿ. ಐದು ವರ್ಷದೊಳಗಿನವರಿಗೆ ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿಯೇ ಕೊಡಿ.

ಮೊದಲು ಕೇಳಿದವರು: ಮೇಡಂ, ಇವತ್ತು ಚೀಟಿ ಕೊಟ್ಟೆ. ಸಾಲು ತಪ್ಪಿ ಓದಿ ಉಪ್ಪು ಎಂಟು ಚಮಚ ಹಾಕಿದಳು!

ಉತ್ತರ: ನಾಲಿಗೆಗೆ ಒಂದೇ ತೊಟ್ಟು ಮುಟ್ಟಿಸಿ, ಉಳಿದದ್ದು ಚೆಲ್ಲಿ. ನಾಳೆ ಚೀಟೀನ ಎರಡು ಸಲ ಓದ್ತಾಳೆ ನೋಡಿ.